‘ಹೋಗ್ತಿದ್ದೆ’ ಅನ್ನೋದಕ್ಕೆ ಇಂಗ್ಲಿಷಲ್ಲಿ ಎಷ್ಟು ಬಾಗಿಲು?

ಒಂದು ಸಣ್ಣ ಪರೀಕ್ಷೆಯಿಂದ ಶುರು ಮಾಡೋಣ. ಈ ವಾಕ್ಯವನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತನ್ನಿ: ‘ನಾನು ಕಾಲೇಜಿಗೆ ಸೈಕಲ್ಲಲ್ಲಿ ಹೋಗ್ತಿದ್ದೆ.’

ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಮೊದಲು ಬರೋದು ‘ಐ ವಾಸ್ ಗೋಯಿಂಗ್ ಟು ಕಾಲೇಜ್ ಬೈ ಸೈಕಲ್.’ ಇದರಲ್ಲಿ ವ್ಯಾಕರಣದ ಪ್ರಕಾರ ಒಂದು ಅಕ್ಷರವೂ ತಪ್ಪಿಲ್ಲ. ಆದರೆ ಕೇಳಿದವರು ಮುಂದಿನ ಮಾತಿಗಾಗಿ ಕಾಯ್ತಾ ಕೂರ್ತಾರೆ. ಹೋಗ್ತಾ ಇದ್ದಿರಿ, ಸರಿ, ಆಮೇಲೆ ಏನಾಯ್ತು? ಟೈರ್ ಪಂಕ್ಚರ್ ಆಯ್ತಾ? ಯಾರಾದ್ರೂ ಅಡ್ಡ ಬಂದ್ರಾ? ನೀವು ಹೇಳಬೇಕಂತಿದ್ದದ್ದು ಮೂರು ವರ್ಷದ ದಿನಚರಿ. ಅವರಿಗೆ ಕೇಳಿಸಿದ್ದು ಯಾವುದೋ ಒಂದು ಬೆಳಗಿನ ಅರ್ಧ ಕಥೆ.

ವಿದ್ಯಾನಗರದ ನಮ್ಮ ಮನೆ ಟೆರೇಸಿನಲ್ಲಿ ಭಾನುವಾರ ಬೆಳಿಗ್ಗೆ ಆರೇಳು ಜನ ಸೇರಿ ಒಂದು ಗಂಟೆ ಇಂಗ್ಲಿಷ್ ಮಾತಾಡ್ತೀವಿ ಅಂತ ಈ ಅಂಕಣ ಓದೋರಿಗೆ ಗೊತ್ತು. ಇಬ್ಬರು ಮನೆಯಿಂದಲೇ ಬೆಂಗಳೂರಿನ ಕಂಪನಿಗಳಿಗೆ ಕೆಲಸ ಮಾಡೋರು, ಒಬ್ಬರು ಬ್ಯಾಂಕು, ಒಬ್ಬ ಮೆಡಿಕಲ್ ರೆಪ್, ಒಬ್ಬಳು ಭದ್ರಾವತಿಯಿಂದ ಬಸ್ ಹತ್ತಿ ಬರೋ ಹುಡುಗಿ. ಎಲ್ಲರೂ ಕನ್ನಡ ಮೀಡಿಯಂ. ಯಾರಿಗೂ ಇಂಗ್ಲಿಷ್ ಬರೋದಿಲ್ಲ ಅಂತಲ್ಲ. ಮೇಲ್ ಬರೀತಾರೆ, ರಿಪೋರ್ಟ್ ಓದ್ತಾರೆ, ಸಿನಿಮಾ ಅರ್ಥ ಆಗುತ್ತೆ. ತೊಡಕಾಗೋದು ತಮ್ಮ ಬಗ್ಗೆ, ತಮ್ಮ ಹಿಂದಿನ ದಿನಗಳ ಬಗ್ಗೆ ಹೇಳುವಾಗ. ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಅಂದ ತಕ್ಷಣ ಎಲ್ಲ ಕ್ರಿಯಾಪದಗಳೂ ‘ವಾಸ್ ಡೂಯಿಂಗ್, ವಾಸ್ ಗೋಯಿಂಗ್, ವಾಸ್ ಹ್ಯಾಂಡ್ಲಿಂಗ್’ ಆಗಿಬಿಡ್ತವೆ. ಈ ವಾರದ ಮಾತು ಅದರ ಬಗ್ಗೆಯೇ.

ಕಾರಣ ನಮ್ಮ ಕನ್ನಡದಲ್ಲೇ ಇದೆ

‘ಹೋಗ್ತಿದ್ದೆ’ ಅನ್ನೋದು ಬಹಳ ಉದಾರಿ ಪದ. ‘ನೀನು ಫೋನ್ ಮಾಡಿದಾಗ ನಾನು ಆಫೀಸಿಗೆ ಹೋಗ್ತಿದ್ದೆ’ ಅಂದರೂ ನಡೆಯುತ್ತೆ. ‘ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋಗ್ತಿದ್ದೆ’ ಅಂದರೂ ನಡೆಯುತ್ತೆ. ಮೊದಲನೆಯದು ಒಂದು ಕ್ಷಣದಲ್ಲಿ ನಡೀತಾ ಇದ್ದ ಕೆಲಸ. ಎರಡನೆಯದು ಹಲವು ವರ್ಷ ನಡೆದ ರೂಢಿ. ಕನ್ನಡ ಎರಡಕ್ಕೂ ಒಂದೇ ರೂಪ ಕೊಟ್ಟು, ಅಕ್ಕಪಕ್ಕದ ಪದಗಳನ್ನ ನೋಡಿ ನೀವೇ ಅರ್ಥ ಮಾಡ್ಕೊಳ್ಳಿ ಅನ್ನುತ್ತೆ. ನಾವೂ ಅರ್ಥ ಮಾಡ್ಕೊಳ್ತೀವಿ.

ಇಂಗ್ಲಿಷ್ ಇವೆರಡನ್ನೂ ಬೇರೆ ಬೇರೆ ಬಾಗಿಲಲ್ಲಿ ಕಳಿಸುತ್ತೆ. ಒಟ್ಟು ನಾಲ್ಕು ಬಾಗಿಲು.

ಒಂದು, ‘ಐ ವಾಸ್ ಗೋಯಿಂಗ್’. ಇನ್ನೊಂದು ಘಟನೆ ನಡೆದ ಹೊತ್ತಿಗೆ ನಾನು ದಾರಿಯಲ್ಲಿದ್ದೆ.

ಎರಡು, ‘ಐ ಯೂಸ್ಡ್ ಟು ಗೋ’. ಹಿಂದೆ ರೂಢಿ ಇತ್ತು, ಈಗ ಇಲ್ಲ.

ಮೂರು, ‘ಐ ವುಡ್ ಗೋ’. ಆ ಕಾಲದಲ್ಲಿ ಮತ್ತೆ ಮತ್ತೆ ಹೋಗ್ತಿದ್ದೆ. ಇದು ನೆನಪು ಹೇಳುವ ದನಿ.

ನಾಲ್ಕು, ‘ಐ ವೆಂಟ್’. ಹೋದೆ, ಅಷ್ಟೇ. ‘ಎವ್ರಿ ಡೇ’ ಸೇರಿಸಿದರೆ ರೂಢಿಯನ್ನೂ ಇದೇ ಹೇಳುತ್ತೆ.

ಯಾವ ಬಾಗಿಲು ಅಂತ ಗೊತ್ತಾಗೋಕೆ ನಮ್ಮ ಗುಂಪಿನಲ್ಲಿ ಒಂದು ಉಪಾಯ ಮಾಡ್ಕೊಂಡಿದ್ದೀವಿ. ಇಂಗ್ಲಿಷಿಗೆ ಹೋಗೋ ಮೊದಲು ಕನ್ನಡ ವಾಕ್ಯಕ್ಕೇ ಒಂದು ಪದ ಅಂಟಿಸಿ ನೋಡಿ. ‘ಅಷ್ಟೊತ್ತಿಗೆ’ ಕೂತ್ಕೊಂಡ್ರೆ ‘ವಾಸ್ ಗೋಯಿಂಗ್’. ‘ಆಗೆಲ್ಲ’ ಕೂತ್ಕೊಂಡ್ರೆ ‘ಯೂಸ್ಡ್ ಟು’ ಅಥವಾ ‘ವುಡ್’. ಕೊನೆಯಲ್ಲಿ ‘ಈಗಿಲ್ಲ’ ಅಂತ ಸೇರಿಸಿದರೂ ವಾಕ್ಯ ನಿಜವಾಗೇ ಉಳಿದರೆ ಕಣ್ಣುಮುಚ್ಚಿ ‘ಯೂಸ್ಡ್ ಟು’ ಹಾಕಿ. ‘ಆಗೆಲ್ಲ ಸೈಕಲ್ಲಲ್ಲಿ ಹೋಗ್ತಿದ್ದೆ, ಈಗಿಲ್ಲ’ ಸರಿಯಾಗಿ ಕೇಳಿಸುತ್ತಲ್ವಾ? ಹಾಗಾದರೆ ‘ಐ ಯೂಸ್ಡ್ ಟು ಸೈಕಲ್ ಟು ಕಾಲೇಜ್.’ ಮುಗೀತು.

ನಮ್ಮೂರನ್ನೇ ಪಾಠ ಮಾಡ್ಕೊಳ್ಳೋಣ

ವ್ಯಾಕರಣ ಪುಸ್ತಕದ ಜಾನ್ ಮತ್ತು ಮೇರಿ ನಮಗೆ ಬೇಡ. ಶಿವಮೊಗ್ಗವೇ ಸಾಕು. ಇಲ್ಲಿ ಬದಲಾದದ್ದೂ ಬದಲಾಗದೇ ಇರೋದೂ ಎರಡೂ ಧಾರಾಳವಾಗಿವೆ.

2014ರ ನವೆಂಬರ್ 1ರಂದು ನಮ್ಮೂರಿನ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಯ್ತು. ಅದಕ್ಕೆ ಮುಂಚೆ ‘ಶಿಮೊಗಾ’. ‘ಶಿವಮೊಗ್ಗ ಯೂಸ್ಡ್ ಟು ಬಿ ಕಾಲ್ಡ್ ಶಿಮೊಗಾ’ ಸರಿ. ‘ಶಿವಮೊಗ್ಗ ವುಡ್ ಬಿ ಕಾಲ್ಡ್ ಶಿಮೊಗಾ’ ಅಂದರೆ ಅರ್ಥವೇ ಕೆಟ್ಟುಹೋಗುತ್ತೆ. ಯಾಕೆ? ‘ವುಡ್’ ಅನ್ನೋದು ಮತ್ತೆ ಮತ್ತೆ ಮಾಡುವ ಕೆಲಸಕ್ಕೆ ಮಾತ್ರ. ಇರುವುದು, ಆಗಿರುವುದು, ಗೊತ್ತಿರುವುದು, ಇಷ್ಟಪಡುವುದು ಇಂಥ ಸ್ಥಿತಿಗಳಿಗೆ ಅದು ಬರೋದಿಲ್ಲ. ‘ಅಲ್ಲಿ ಒಂದು ದೊಡ್ಡ ಮರ ಇತ್ತು’ ಅನ್ನೋಕೆ ‘ದೇರ್ ಯೂಸ್ಡ್ ಟು ಬಿ ಎ ಬಿಗ್ ಟ್ರೀ’ ಮಾತ್ರ. ‘ಆ ಮರದ ಕೆಳಗೆ ಬಸ್ಸಿಗೆ ಕಾಯ್ತಿದ್ವಿ’ ಅನ್ನೋಕೆ ‘ವಿ ವುಡ್ ವೇಟ್ ಅಂಡರ್ ಇಟ್ ಫಾರ್ ದ ಬಸ್’ ಚೆನ್ನಾಗಿರುತ್ತೆ.

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಮೀಟರ್ ಗೇಜ್ ಹಳಿ ಇದ್ದ ಕಾಲದಲ್ಲಿ ರೈಲ್‌ಬಸ್ ಓಡ್ತಿತ್ತು. ಮನೆಯ ಹಿರಿಯರನ್ನ ಕೇಳಿ, ಮುಖ ಅರಳುತ್ತೆ. ‘ಎ ರೈಲ್‌ಬಸ್ ಯೂಸ್ಡ್ ಟು ರನ್ ಟು ತಾಳಗುಪ್ಪ.’ ಮೊದಲ ವಾಕ್ಯದಲ್ಲಿ ‘ಯೂಸ್ಡ್ ಟು’ ಹಾಕಿ ಕಾಲವನ್ನ ಗುರುತು ಮಾಡಿದ ಮೇಲೆ ಮುಂದಿನ ವಾಕ್ಯಗಳಿಗೆ ‘ವುಡ್’ ಹಾಕಬಹುದು: ‘ಇಟ್ ವುಡ್ ಸ್ಟಾಪ್ ಅಟ್ ಎವ್ರಿ ಸ್ಮಾಲ್ ಸ್ಟೇಷನ್.’ ಕಥೆ ಹೇಳೋರು ಇಂಗ್ಲಿಷಿನಲ್ಲಿ ಹೀಗೇ ಹೇಳೋದು. ಮೊದಲು ‘ಯೂಸ್ಡ್ ಟು’, ಆಮೇಲೆ ಸಾಲಾಗಿ ‘ವುಡ್’. ಪ್ರತಿ ವಾಕ್ಯಕ್ಕೂ ‘ಯೂಸ್ಡ್ ಟು’ ಹೊಡೆದರೆ ಪ್ರತಿ ತುತ್ತಿಗೂ ಉಪ್ಪಿನಕಾಯಿ ನೆಕ್ಕಿದ ಹಾಗಾಗುತ್ತೆ.

ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆ ಆಗಿದ್ದು 2023ರ ಫೆಬ್ರುವರಿ 27ರಂದು. ಅದಕ್ಕೆ ಮುಂಚೆ ಇರಲಿಲ್ಲ. ‘ಶಿವಮೊಗ್ಗ ಡಿಡಂಟ್ ಯೂಸ್ ಟು ಹ್ಯಾವ್ ಆನ್ ಏರ್‌ಪೋರ್ಟ್.’ ಇಲ್ಲಿ ‘ಡಿಡಂಟ್’ ಬಂದಾಗ ‘ಯೂಸ್ಡ್’ ಪದದ ಕೊನೆಯ ‘ಡಿ’ ಅಕ್ಷರ ಬಿದ್ದುಹೋಗುತ್ತೆ. ಪ್ರಶ್ನೆಯಲ್ಲೂ ಅಷ್ಟೇ: ‘ಡಿಡ್ ಯೂ ಯೂಸ್ ಟು ಲಿವ್ ಹಿಯರ್?’ ಮಾತಿನಲ್ಲಿ ವ್ಯತ್ಯಾಸ ಕೇಳಿಸೋದಿಲ್ಲ, ಮೇಲ್‌ನಲ್ಲಿ ಕಾಣುತ್ತೆ.

ಇನ್ನು ಭದ್ರಾವತಿಯ ಕಬ್ಬಿಣದ ಕಾರ್ಖಾನೆ. 1923ರಲ್ಲಿ ಶುರುವಾಯ್ತು. ಇದಕ್ಕೆ ‘ಯೂಸ್ಡ್ ಟು ಸ್ಟಾರ್ಟ್’ ಅನ್ನಬಾರದು. ಒಂದೇ ಸಲ ನಡೆದದ್ದಕ್ಕೆ ಸರಳ ಭೂತಕಾಲ: ‘ದ ಐರನ್ ವರ್ಕ್ಸ್ ಸ್ಟಾರ್ಟೆಡ್ ಇನ್ 1923.’ ಎಷ್ಟು ಸಲ, ಎಷ್ಟು ವರ್ಷ ಅಂತ ಲೆಕ್ಕ ಹೇಳಿದಾಗಲೂ ಇದೇ ನಿಯಮ. ‘ಐ ಯೂಸ್ಡ್ ಟು ಲಿವ್ ಇನ್ ಬೆಂಗಳೂರು ಫಾರ್ ತ್ರೀ ಇಯರ್ಸ್’ ಅನ್ನೋದು ನಮ್ಮ ಗುಂಪಿನಲ್ಲಿ ವಾರಕ್ಕೊಮ್ಮೆಯಾದರೂ ಬರೋ ವಾಕ್ಯ. ಮೂರು ವರ್ಷ ಅಂತ ಲೆಕ್ಕ ಕೊಟ್ಟ ಮೇಲೆ ‘ಐ ಲಿವ್ಡ್ ಇನ್ ಬೆಂಗಳೂರು ಫಾರ್ ತ್ರೀ ಇಯರ್ಸ್’ ಸಾಕು.

ಕೊನೆಗೆ ಬದಲಾಗದೇ ಇರೋದು. ತುಂಗೆ, ಭದ್ರೆ ಕೂಡ್ಲಿಯಲ್ಲಿ ಸೇರ್ತವೆ. ಸೇರ್ತಿದ್ದವು, ಸೇರ್ತಾ ಇವೆ, ಸೇರ್ತಾನೇ ಇರ್ತವೆ. ಇಂಥದ್ದಕ್ಕೆ ಇಂಗ್ಲಿಷ್ ಕೊಡೋದು ಅತಿ ಸರಳ ರೂಪ: ‘ದ ತುಂಗಾ ಅಂಡ್ ದ ಭದ್ರಾ ಮೀಟ್ ಅಟ್ ಕೂಡ್ಲಿ.’ ‘ಆರ್ ಮೀಟಿಂಗ್’ ಅಂದರೆ ಇಬ್ಬರೂ ಇವತ್ತು ಸಂಜೆ ಕಾಫಿಗೆ ಸೇರ್ತಿದ್ದಾರೆ ಅನ್ನಿಸುತ್ತೆ!

ಒಂದೇ ಮುಖ, ಬೇರೆ ಆಸಾಮಿ

‘ಯೂಸ್ಡ್ ಟು’ಗೆ ಅದರಂತೆಯೇ ಕಾಣೋ ಇಬ್ಬರು ಅಣ್ಣತಮ್ಮಂದಿರಿದ್ದಾರೆ. ‘ಐ ಯೂಸ್ಡ್ ಎ ಪೆನ್’ ಅನ್ನೋದು ಬಳಸಿದೆ ಅಂತ. ‘ಐ ಆಮ್ ಯೂಸ್ಡ್ ಟು ದ ರೇನ್’ ಅನ್ನೋದು ಅಭ್ಯಾಸ ಆಗಿಹೋಗಿದೆ ಅಂತ. ಮಲೆನಾಡಿನವರಿಗೆ ಎರಡನೆಯದು ಬೇಕೇ ಬೇಕು. ಹೊಸ ಆಫೀಸಿನಲ್ಲಿ ‘ನೈಟ್ ಶಿಫ್ಟ್ ಆಗುತ್ತಾ?’ ಅಂತ ಕೇಳಿದರೆ ‘ಐ ಆಮ್ ಯೂಸ್ಡ್ ಟು ವರ್ಕಿಂಗ್ ಅಟ್ ನೈಟ್’ ಅನ್ನಿ. ‘ಐ ಯೂಸ್ಡ್ ಟು ವರ್ಕ್ ಅಟ್ ನೈಟ್’ ಅಂದರೆ ಹಿಂದೆ ಮಾಡ್ತಿದ್ದೆ, ಈಗ ಬಿಟ್ಟಿದ್ದೀನಿ ಅಂತಾಗುತ್ತೆ. ‘ಆಮ್’ ಇದ್ದರೆ ಮುಂದೆ ‘ವರ್ಕಿಂಗ್’, ‘ಆಮ್’ ಇಲ್ಲದಿದ್ದರೆ ಮುಂದೆ ‘ವರ್ಕ್’. ಒಂದು ಪುಟ್ಟ ಪದಕ್ಕೆ ಒಂದು ನೌಕರಿ ಹೋಗಬಹುದು.

ಉಚ್ಚಾರವೂ ಬೇರೆ. ಬಳಸಿದೆ ಅನ್ನುವಾಗ ‘ಯೂಝ್ಡ್’ ಅಂತ ಗಂಟಲು ಕಂಪಿಸುತ್ತೆ. ರೂಢಿಯ ಮಾತಾದರೆ ಎರಡು ಪದವೂ ಕೂಡಿಕೊಂಡು ‘ಯೂಸ್ಟು’ ಆಗುತ್ತೆ. ‘ಯೂಸ್ಡ್’, ‘ಟು’ ಅಂತ ಬಿಡಿಬಿಡಿಯಾಗಿ ಒತ್ತಿ ಹೇಳೋದು ಬೇಡ.

ಇನ್ನೊಂದು. ಈಗಿನ ರೂಢಿಗೆ ‘ಐ ಯೂಸ್ ಟು ಗೋ’ ಅನ್ನೋ ರೂಪ ಇಂಗ್ಲಿಷಲ್ಲಿ ಇಲ್ಲ. ‘ದಿನಾ ವಾಕಿಂಗ್ ಹೋಗ್ತೀನಿ’ ಅನ್ನೋಕೆ ‘ಐ ಗೋ ಫಾರ್ ಎ ವಾಕ್ ಎವ್ರಿ ಡೇ’ ಅಥವಾ ‘ಐ ಯೂಶುವಲಿ ಗೋ’ ಅಷ್ಟೇ.

ಆಫೀಸಿನ ಕಾಲ್‌ನಲ್ಲಿ ದಿನಾ ಕೇಳೋ ಮೂರು ವಾಕ್ಯ

ನೆನಪಿನ ಮಾತು ಬಿಟ್ಟು ಕೆಲಸದ ಮಾತಿಗೆ ಬರೋಣ. ಈ ಮೂರೂ ನೇರವಾಗಿ ಕನ್ನಡದ ಅಚ್ಚಿನಿಂದ ಬಿದ್ದವು.

‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್.’ ಮೂರು ವರ್ಷದಿಂದ ಕೆಲಸ ಮಾಡ್ತಾ ಇದ್ದೀನಿ ಅನ್ನೋದರ ಪಡಿಯಚ್ಚು. ಅಂದು ಶುರುವಾಗಿ ಇವತ್ತಿನವರೆಗೆ ಬಂದದ್ದಕ್ಕೆ ಇಂಗ್ಲಿಷ್ ‘ಹ್ಯಾವ್ ಬೀನ್ ವರ್ಕಿಂಗ್’ ಕೇಳುತ್ತೆ. ನಮ್ಮ ‘ಇಂದ’ ಪ್ರತ್ಯಯ ಇಂಗ್ಲಿಷಿನಲ್ಲಿ ಎರಡಾಗಿ ಒಡೆಯುತ್ತೆ: ಅವಧಿಗೆ ‘ಫಾರ್ ತ್ರೀ ಇಯರ್ಸ್’, ಶುರುವಾದ ದಿನಕ್ಕೆ ‘ಸಿನ್ಸ್ 2022’.

‘ಐ ಹ್ಯಾವ್ ಸೆಂಟ್ ದ ಫೈಲ್ ಯೆಸ್ಟರ್‌ಡೇ.’ ನಿನ್ನೆನೇ ಕಳಿಸಿದ್ದೀನಿ ಅನ್ನೋದು ಕನ್ನಡದಲ್ಲಿ ಸೊಗಸಾಗಿದೆ. ಇಂಗ್ಲಿಷಿನಲ್ಲಿ ‘ಹ್ಯಾವ್ ಸೆಂಟ್’ ಮತ್ತು ‘ನಿನ್ನೆ’ ಒಂದೇ ಬೆಂಚಿನಲ್ಲಿ ಕೂರೋದಿಲ್ಲ. ದಿನ ಹೇಳಿದರೆ ‘ಐ ಸೆಂಟ್ ಇಟ್ ಯೆಸ್ಟರ್‌ಡೇ’. ದಿನ ಮುಖ್ಯ ಅಲ್ಲ, ಕೆಲಸ ಆಗಿದೆ ಅನ್ನೋದಷ್ಟೇ ಮುಖ್ಯ ಅಂದರೆ ‘ಐ ಹ್ಯಾವ್ ಸೆಂಟ್ ಇಟ್’.

‘ಐ ಹ್ಯಾಡ್ ಟೋಲ್ಡ್ ಯೂ ಲಾಸ್ಟ್ ವೀಕ್.’ ಹೋದ ವಾರ ಹೇಳಿದ್ದೆ ಅಂತ. ‘ಹೇಳಿದ್ದೆ’ ಕಂಡ ತಕ್ಷಣ ನಮ್ಮ ಕೈ ‘ಹ್ಯಾಡ್’ ಕಡೆಗೆ ಹೋಗುತ್ತೆ. ಆದರೆ ‘ಹ್ಯಾಡ್’ಗೆ ಎರಡು ಘಟನೆ ಬೇಕು, ಒಂದಕ್ಕಿಂತ ಒಂದು ಮುಂಚೆ. ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್’ ಅಂದಾಗ ನಾನು ಮುಟ್ಟೋ ಮುಂಚೆಯೇ ರೈಲು ಹೊರಟಿತ್ತು. ಒಂದೇ ಘಟನೆ ಇದ್ದರೆ ‘ಐ ಟೋಲ್ಡ್ ಯೂ ಲಾಸ್ಟ್ ವೀಕ್’. ಮೇಲ್‌ನಲ್ಲಿ ಅನಗತ್ಯ ‘ಹ್ಯಾಡ್’ ತೆಗೆದುಬಿಟ್ಟರೆ ವಾಕ್ಯದ ದೂರುವ ದನಿಯೂ ಸ್ವಲ್ಪ ಇಳಿಯುತ್ತೆ, ನೋಡಿ.

ಇಂಟರ್‌ವ್ಯೂಗೆ ಹೋಗೋರಿಗೆ ಒಂದು ಮಾತು. ಹಿಂದಿನ ಕೆಲಸದ ಬಗ್ಗೆ ‘ಐ ವಾಸ್ ಹ್ಯಾಂಡ್ಲಿಂಗ್’ ಬೇಡ, ‘ಐ ಯೂಸ್ಡ್ ಟು ಹ್ಯಾಂಡಲ್’ ಕೂಡ ಬೇಡ. ಮೊದಲನೆಯದು ಅರ್ಧಕ್ಕೆ ನಿಂತ ಹಾಗೆ, ಎರಡನೆಯದು ಹಳೇ ನೆನಪು ತೆಗೆದ ಹಾಗೆ ಕೇಳಿಸುತ್ತೆ. ‘ಐ ಹ್ಯಾಂಡಲ್ಡ್ ಟ್ವೆಲ್ವ್ ಅಕೌಂಟ್ಸ್’ ಅನ್ನಿ. ಸರಳ ಭೂತಕಾಲ, ಜೊತೆಗೆ ಒಂದು ಸಂಖ್ಯೆ. ಕೆಲಸ ಮಾಡಿ ಮುಗಿಸಿದೋರ ದನಿ ಅದು.

ಸಮಾನಾರ್ಥಕ ಪದ ಅಂದರೆ ಸಮ ಅಲ್ಲ

ಕಾಲ ಸರಿಹೋದ ಮೇಲೆ ಮುಂದಿನ ತಲೆನೋವು ಪದಗಳದ್ದು. ‘ಕೇಳು’ ಅನ್ನೋ ಒಂದು ಪದ ತಗೊಳ್ಳಿ. ಪ್ರಶ್ನೆ ಕೇಳ್ತೀವಿ, ಹಾಡು ಕೇಳ್ತೀವಿ, ಶಬ್ದ ಕೇಳುತ್ತೆ, ಸಾಲ ಕೇಳ್ತೀವಿ, ಅಮ್ಮನ ಮಾತನ್ನೂ ಕೇಳ್ತೀವಿ, ಕೆಲವೊಮ್ಮೆ. ಇಂಗ್ಲಿಷ್ ಇದನ್ನ ‘ಆಸ್ಕ್’, ‘ಲಿಸನ್’, ‘ಹಿಯರ್’, ‘ಒಬೇ’ ಅಂತ ಒಡೆದಿದೆ. ಆನ್‌ಲೈನ್ ಮೀಟಿಂಗಲ್ಲಿ ‘ಐ ಆಮ್ ನಾಟ್ ಲಿಸನಿಂಗ್’ ಅಂದರೆ ನಿಮಗೆ ಗಮನ ಕೊಡ್ತಿಲ್ಲ ಅಂತ. ನೀವು ಹೇಳಬೇಕಾದ್ದು ‘ಐ ಕಾಂಟ್ ಹಿಯರ್ ಯೂ’. ಮ್ಯಾನೇಜರ್ ಮುಂದೆ ಇವೆರಡರ ಬೆಲೆ ಬೇರೆ ಬೇರೆ!

ಮತ್ತೆ ನಮ್ಮ ‘ಡೌಟ್’. ಕ್ಲಾಸಿನಿಂದ ಹಿಡಿದು ಬೋರ್ಡ್ ರೂಮಿನವರೆಗೆ ‘ಐ ಹ್ಯಾವ್ ಎ ಡೌಟ್’ ಅಂತೀವಿ. ಹೊರದೇಶದ ಕ್ಲೈಂಟಿಗೆ ಅದು ಅನುಮಾನದ ಹಾಗೆ ಕೇಳಿಸುತ್ತೆ, ಅವರ ಮಾತು ನಿಮಗೆ ನಂಬಿಕೆ ಇಲ್ಲವೇನೋ ಅನ್ನೋ ಥರ. ‘ಐ ಹ್ಯಾವ್ ಎ ಕ್ವೆಶ್ಚನ್’ ಅಂದರೆ ಯಾವ ಗೊಂದಲವೂ ಇಲ್ಲ.

ಇಂಗ್ಲಿಷಿನಲ್ಲಿ ಒಂದೇ ಅರ್ಥಕ್ಕೆ ಇಷ್ಟೊಂದು ಪದ ಯಾಕೆ ಅಂತ ಬ್ಯಾಂಕಿನ ಗೆಳೆಯರು ಒಂದು ಭಾನುವಾರ ಕೇಳಿದರು. 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಮೇಲೆ ಬಹಳ ಕಾಲ ಅರಮನೆ, ನ್ಯಾಯಾಲಯಗಳಲ್ಲಿ ಫ್ರೆಂಚ್, ಹೊಲಮನೆಯಲ್ಲಿ ಹಳೇ ಇಂಗ್ಲಿಷ್. ಪಂಡಿತರ ಜೊತೆ ಲ್ಯಾಟಿನ್ ಬಂತು. ಹಾಗಾಗಿ ‘ಆಸ್ಕ್’ ಮನೆಯ ಪದ, ‘ಕ್ವೆಶ್ಚನ್’ ಫ್ರೆಂಚಿನ ಕಡೆಯದು, ‘ಇಂಟರಾಗೇಟ್’ ಲ್ಯಾಟಿನ್ನಿನದು. ‘ಬೈ’ ಮನೆಯದು, ‘ಪರ್ಚೇಸ್’ ಕಚೇರಿಯದು. ‘ಹೆಲ್ಪ್’ ಮನೆಯದು, ‘ಅಸಿಸ್ಟ್’ ಕಚೇರಿಯದು.

ಕನ್ನಡದವರಿಗೆ ಇದು ಅರ್ಥ ಆಗಬೇಕು, ಯಾಕಂದರೆ ನಮ್ಮದೂ ಇದೇ ಕಥೆ. ನೀರು, ಜಲ. ಮನೆ, ಗೃಹ. ಕಣ್ಣು, ನೇತ್ರ. ಸಂಸ್ಕೃತದ ಪದಗಳು ಕನ್ನಡಕ್ಕೆ ಹೇಗೆ ಬಂದು ಸೇರ್ತವೆ ಅಂತ 13ನೇ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಚರ್ಚೆ ಮಾಡಿದ್ದಾನೆ. ಹೋಟೆಲಲ್ಲಿ ‘ಒಂದು ಲೋಟ ಜಲ ಕೊಡಿ’ ಅಂದರೆ ಮಾಣಿ ನಗ್ತಾನೆ. ‘ನೇತ್ರದಾನ’ವನ್ನ ‘ಕಣ್ಣು ಕೊಡೋದು’ ಅಂತ ಬೋರ್ಡಲ್ಲಿ ಬರೆದರೆ ಸರಿ ಕಾಣೋದಿಲ್ಲ. ಅರ್ಥ ಒಂದೇ, ಕೂರೋ ಜಾಗ ಬೇರೆ. ಅದೇ ಕಿವಿಯನ್ನ ಇಂಗ್ಲಿಷಿಗೂ ಬಳಸಿ. ಗೆಳೆಯನಿಗೆ ‘ಐ ಪರ್ಚೇಸ್ಡ್ ವೆಜಿಟಬಲ್ಸ್’ ಅಂತ ಮೆಸೇಜ್ ಹಾಕಿದರೆ ಹೋಟೆಲಲ್ಲಿ ಜಲ ಕೇಳಿದ ಹಾಗೆ.

ಥೆಸಾರಸ್ ಅನ್ನೋ ಸಮಾನಾರ್ಥಕ ಕೋಶವನ್ನ ಪೀಟರ್ ಮಾರ್ಕ್ ರೋಜೆ ಅನ್ನೋ ವೈದ್ಯರು 1852ರಲ್ಲಿ ಪ್ರಕಟಿಸಿದರು. ಈಗ ಅದರಂಥದ್ದು ಎಲ್ಲರ ಫೋನಲ್ಲೂ ಇದೆ. ಅದರಲ್ಲಿ ಅಕ್ಕಪಕ್ಕ ಬರೋ ಪದಗಳು ಒಂದೇ ಬೀದಿಯವು, ಒಂದೇ ಮನೆಯವಲ್ಲ. ‘ಥಿನ್’ ತೆಳ್ಳಗೆ, ‘ಸ್ಲಿಮ್’ ಮೆಚ್ಚುಗೆ, ‘ಸ್ಕಿನ್ನಿ’ ಸ್ವಲ್ಪ ಚುಚ್ಚು. ನಿಮ್ಮ ಕಂಪನಿಯ ಸರಕನ್ನ ‘ಚೀಪ್’ ಅಂದರೆ ಗುಣಮಟ್ಟವೇ ಕಡಿಮೆ ಅಂದಂತೆ, ‘ಅಫೋರ್ಡಬಲ್’ ಅಂದರೆ ಕೈಗೆಟಕುತ್ತೆ ಅಂದಂತೆ. ಕನ್ನಡದಲ್ಲಿ ಸತ್ತರು, ತೀರಿಕೊಂಡರು, ನಿಧನರಾದರು ಅನ್ನೋದನ್ನ ಎಲ್ಲಿ ಯಾವುದು ಅಂತ ಯಾರೂ ನಮಗೆ ಕಲಿಸಲಿಲ್ಲ, ಆದರೂ ತಪ್ಪೋದಿಲ್ಲ. ಇಂಗ್ಲಿಷಲ್ಲಿ ‘ಡೈಡ್’ ನೇರ, ‘ಪಾಸ್ಡ್ ಅವೇ’ ಮೃದು. ನಾವು ಬಳಸೋ ‘ಎಕ್ಸ್‌ಪೈರ್ಡ್’ ಹೊರಗಿನವರಿಗೆ ಔಷಧಿ ಡಬ್ಬಿಯ ನೆನಪು ತರುತ್ತೆ. ಸಾಂತ್ವನದ ಮೇಲ್ ಬರೆಯುವಾಗಲಾದರೂ ಇದನ್ನ ನೆನಪಿಟ್ಟುಕೊಳ್ಳಿ.

ಒಂದು ವಾಕ್ಯ ಹೇಳೋಕೆ ಮೂರು ವಾರ

ಭದ್ರಾವತಿಯಿಂದ ಬರೋ ಹುಡುಗಿಯ ವಿಷಯ ಅವಳ ಒಪ್ಪಿಗೆ ಪಡೆದೇ ಬರೀತಿದ್ದೀನಿ. ಅವಳ ಅಪ್ಪ ಒಂದು ಕಾರ್ಖಾನೆಯಲ್ಲಿದ್ದರು. ಅದು ನಿಂತು ವರ್ಷಗಳಾದವು. ಅಣಕು ಇಂಟರ್‌ವ್ಯೂನಲ್ಲಿ ಮನೆಯವರ ಬಗ್ಗೆ ಕೇಳಿದಾಗಲೆಲ್ಲ ಅವಳು ‘ಮೈ ಫಾದರ್ ಈಸ್ ವರ್ಕಿಂಗ್ ಇನ್ ಎ ಫ್ಯಾಕ್ಟರಿ’ ಅಂತಿದ್ದಳು. ಟೆನ್ಸ್ ತಪ್ಪು ಅಂತ ಎಲ್ಲರೂ ತಿದ್ದಿದರು. ಮುಂದಿನ ವಾರ ಮತ್ತೆ ಅದೇ. ಮೂರನೇ ವಾರ ಅವಳೇ ಹೇಳಿದಳು: ‘ಅಕ್ಕ, ನಂಗೆ ಯೂಸ್ಡ್ ಟು ಬರುತ್ತೆ. ಅಪ್ಪನ ವಿಷಯಕ್ಕೆ ಅದನ್ನ ಹಾಕೋಕೆ ಮನಸ್ಸು ಬರಲ್ಲ. ಕನ್ನಡದಲ್ಲಿ ಕೆಲಸ ಮಾಡ್ತಿದ್ರು ಅಂದ್ರೆ ಅಷ್ಟು ಅನ್ಸಲ್ಲ.’

ಟೆರೇಸ್ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅವಳು ಹೇಳಿದ್ದು ವ್ಯಾಕರಣವಾಗಿಯೂ ಸರಿ. ‘ಮಾಡ್ತಿದ್ರು’ ಅಂದಾಗ ಈಗೇನು ಅನ್ನೋದನ್ನ ಕನ್ನಡ ಹೇಳದೇ ಬಿಡುತ್ತೆ. ‘ಯೂಸ್ಡ್ ಟು’ ಅದನ್ನೂ ಸೇರಿಸಿ ಹೇಳಿಬಿಡುತ್ತೆ, ಈಗಿಲ್ಲ ಅಂತ. ಕಾರ್ಖಾನೆಯ ಶಿಫ್ಟಿಗೆ ತಕ್ಕಂತೆ ಊಟ, ನಿದ್ದೆ ಹೊಂದಿಸಿಕೊಂಡಿದ್ದ ಮನೆಗಳು ಭದ್ರಾವತಿಯ ನ್ಯೂಟೌನ್, ಪೇಪರ್ ಟೌನ್ ಎರಡೂ ಕಡೆ ಇವೆ. ಅಲ್ಲಿನ ಎಷ್ಟೋ ಮಕ್ಕಳಿಗೆ ಈ ಎರಡು ಪದ ಸುಲಭದ ಪಾಠ ಅಲ್ಲ.

ಆಮೇಲೆ ಮೆಡಿಕಲ್ ರೆಪ್ ಹುಡುಗ ಪದಗಳ ಪಟ್ಟಿ ಹಾಕಿದ. ‘ಫೈಯರ್ಡ್’ ಅಂದರೆ ತಪ್ಪು ಮಾಡಿದ್ದಕ್ಕೋ ಕೆಲಸ ಸರಿಯಿಲ್ಲದ್ದಕ್ಕೋ ತೆಗೆದರು ಅಂತ. ‘ಲೇಯ್ಡ್ ಆಫ್’ ಅಂದರೆ ಕೆಲಸವೇ ಇಲ್ಲದೆ ಕಳಿಸಿದರು ಅಂತ. ‘ರಿಸೈನ್ಡ್’ ತಾವಾಗಿ ಬಿಟ್ಟದ್ದು. ‘ರಿಟೈರ್ಡ್’ ನಿವೃತ್ತಿ. ಕನ್ನಡದಲ್ಲಿ ‘ಕೆಲಸ ಹೋಯ್ತು’ ಅನ್ನೋ ಒಂದು ಮಾತಿನಲ್ಲಿ ಮುಚ್ಚಿಹೋಗೋದು ಇಂಗ್ಲಿಷಲ್ಲಿ ನಾಲ್ಕು ಬೇರೆ ಬೇರೆ ಸಂಗತಿ. ಇದರಲ್ಲಿ ಯಾವುದನ್ನ ಆರಿಸ್ತೀವಿ ಅನ್ನೋದು ಒಬ್ಬ ಮನುಷ್ಯನ ಮರ್ಯಾದೆಯ ಪ್ರಶ್ನೆ. ಪದ ಚೆನ್ನಾಗಿದೆ ಅಂತ ಆರಿಸೋ ಹಾಗಿಲ್ಲ, ನಡೆದದ್ದಕ್ಕೆ ಹೊಂದಬೇಕು.

ಅವಳು ಕೊನೆಗೆ ತಾನೇ ಮೂರು ವಾಕ್ಯ ಮಾಡ್ಕೊಂಡಳು. ‘ಮೈ ಫಾದರ್ ಯೂಸ್ಡ್ ಟು ವರ್ಕ್ ಇನ್ ಎ ಫ್ಯಾಕ್ಟರಿ. ಇಟ್ ಕ್ಲೋಸ್ಡ್. ಹಿ ಕೀಪ್ಸ್ ಅಕೌಂಟ್ಸ್ ಫಾರ್ ಎ ಶಾಪ್ ನೌ.’ ಮೊದಲನೆಯದು ಮುಗಿದ ರೂಢಿ, ಎರಡನೆಯದು ಒಂದು ಸಲ ನಡೆದ ಘಟನೆ, ಮೂರನೆಯದು ಇವತ್ತಿನ ದಿನಚರಿ. ಮುಚ್ಚಿದ್ದು ಕಾರ್ಖಾನೆ, ಅಪ್ಪ ಅಲ್ಲ ಅನ್ನೋದು ಮೂರನೇ ವಾಕ್ಯದಲ್ಲಿ ತಾನಾಗೇ ಬಂತು. ‘ಮೊದಲನೇ ವಾಕ್ಯಕ್ಕೇ ನಿಲ್ಲಿಸಿಬಿಟ್ರೆ ಅಳು ಬರುತ್ತೆ ಅಕ್ಕ, ಮೂರೂ ಹೇಳಿದ್ರೆ ಬರಲ್ಲ’ ಅಂದಳು. ಯಾವ ವ್ಯಾಕರಣ ಪುಸ್ತಕದಲ್ಲೂ ನಾನು ಇಂಥ ಸೂಚನೆ ಓದಿಲ್ಲ. ಈಗ ಗುಂಪಿನ ಎಲ್ಲರಿಗೂ ಅದನ್ನೇ ಹೇಳ್ತೀನಿ: ‘ಯೂಸ್ಡ್ ಟು’ ಹಾಕಿದ ಮೇಲೆ ‘ನೌ’ ಇರೋ ಒಂದು ವಾಕ್ಯ ಸೇರಿಸಿ.

ಕನ್ನಡ ಅಡ್ಡಿ ಅಲ್ಲ

ಕನ್ನಡದಲ್ಲಿ ಯೋಚನೆ ಮಾಡೋದು ಬಿಟ್ಟರೆ ಮಾತ್ರ ಇಂಗ್ಲಿಷ್ ಬರುತ್ತೆ ಅಂತ ಹೇಳೋರಿದ್ದಾರೆ. ನಮ್ಮ ಜಿಲ್ಲೆಯವರಿಗೆ ಅದನ್ನ ನಂಬೋ ಅಗತ್ಯ ಇಲ್ಲ. ಕುವೆಂಪು ಅವರ ಮೊದಲ ಕವನಗಳು ಇಂಗ್ಲಿಷಿನವು, 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಬಂತು. ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂತ ಅವರಿಗೆ ಸಲಹೆ ಕೊಟ್ಟವರು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಪಾಠ ಮಾಡಿದ್ದು ಇಂಗ್ಲಿಷ್, ಕಾದಂಬರಿ ಬರೆದದ್ದು ಕನ್ನಡದಲ್ಲಿ. ಎರಡು ಭಾಷೆ ಇಟ್ಟುಕೊಂಡು ಬದುಕೋದು ಇಲ್ಲಿ ಹೊಸದೇನಲ್ಲ. ‘ಆಗೆಲ್ಲ’, ‘ಅಷ್ಟೊತ್ತಿಗೆ’ ಅನ್ನೋ ನಮ್ಮ ಪದಗಳೇ ಇಂಗ್ಲಿಷಿನ ಸರಿಯಾದ ಬಾಗಿಲು ತೋರಿಸೋದನ್ನ ಮೇಲೆ ನೋಡಿದಿರಲ್ಲ.

ಈ ವಾರದ ಅಭ್ಯಾಸ, ದಿನಕ್ಕೆ ಹತ್ತು ನಿಮಿಷ

ಸೋಮವಾರ: ನಿಮ್ಮ ಬೀದಿಯ ಬಗ್ಗೆ ಐದು ‘ಯೂಸ್ಡ್ ಟು’ ವಾಕ್ಯ. ಈಗಿಲ್ಲದ ಅಂಗಡಿ, ಮರ, ಖಾಲಿ ಸೈಟು, ಯಾವುದಾದರೂ.

ಮಂಗಳವಾರ: ಅವುಗಳಲ್ಲಿ ಯಾವುದಕ್ಕೆ ‘ವುಡ್’ ಹೊಂದುತ್ತೆ, ಯಾವುದಕ್ಕೆ ಇಲ್ಲ ಅಂತ ವಿಂಗಡಿಸಿ.

ಬುಧವಾರ: ಅಜ್ಜಿ, ಅತ್ತೆ, ದೊಡ್ಡಪ್ಪ ಯಾರಾದರೂ ಸಿಕ್ಕರೆ ಅವರ ಹಳೇ ದಿನದ ಬಗ್ಗೆ ಎರಡು ನಿಮಿಷ ಮಾತಾಡಿಸಿ, ಅವರ ಒಪ್ಪಿಗೆ ಕೇಳಿ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ. ‘ತಿದ್ದೆ’, ‘ತಿದ್ವಿ’ ಎಷ್ಟು ಸಲ ಬರುತ್ತೆ ಲೆಕ್ಕ ಹಾಕಿ.

ಗುರುವಾರ: ಆ ಮಾತನ್ನ ಇಂಗ್ಲಿಷಲ್ಲಿ ಬಾಯಲ್ಲೇ ಹೇಳಿ. ಬರೆಯೋದು ಬೇಡ.

ಶುಕ್ರವಾರ: ನೀವು ಈ ವಾರ ಕಳಿಸಿದ ಮೇಲ್‌ಗಳಲ್ಲಿ ‘ಹ್ಯಾಡ್’ ಹುಡುಕಿ. ಎರಡು ಘಟನೆ ಇಲ್ಲದ ಕಡೆ ಅದು ಯಾಕಿದೆ ಕೇಳ್ಕೊಳ್ಳಿ.

ಶನಿವಾರ: ‘ಗುಡ್’, ‘ನೈಸ್’, ‘ಥಿಂಗ್’ ಈ ಮೂರು ಪದ ಬಳಸದೆ ನಿಮ್ಮ ಕೆಲಸ ಏನು ಅಂತ ಒಂದು ನಿಮಿಷ ವಿವರಿಸಿ. ಸಮಾನಾರ್ಥಕ ಪದ ಬೇಕಾಗೋದು ಆಗಲೇ.

ಭಾನುವಾರ: ನಿಮ್ಮ ಬಗ್ಗೆ ಮೂರೇ ವಾಕ್ಯ. ಹಿಂದೆ ಏನು ಮಾಡ್ತಿದ್ರಿ, ಏನಾಯ್ತು, ಈಗ ಏನು ಮಾಡ್ತೀರಿ. ಕನ್ನಡಿ ಮುಂದೆ ಬೇಡ, ಎದುರಿಗೆ ಒಬ್ಬ ಮನುಷ್ಯ ಇರಲಿ. ಶಿವಮೊಗ್ಗದವರಾದರೆ ನಮ್ಮ ಗುಂಪಿನ ಹಾಗೆ ನಿಮ್ಮ ಬೀದಿಯಲ್ಲೂ ನಾಲ್ಕು ಜನ ಸಿಗ್ತಾರೆ, ಕೇಳಿ ನೋಡಿ.

ಮುಂದಿನ ವಾರ ನಾಳೆಯ ಮಾತು. ‘ನಾಳೆ ಹೋಗ್ತೀನಿ’, ‘ದಿನಾ ಹೋಗ್ತೀನಿ’ ಎರಡಕ್ಕೂ ನಮ್ಮಲ್ಲಿ ಒಂದೇ ‘ಹೋಗ್ತೀನಿ’. ಇಂಗ್ಲಿಷಲ್ಲಿ ಅದಕ್ಕೂ ಬೇರೆ ಬೇರೆ ಬಾಗಿಲುಗಳಿವೆ.